ಆಲ್ಡರ್‌ಕೋಟ್ ಮನೆಯ ಒದ್ದೆ ಹೆಜ್ಜೆಗಳು

ನಮ್ಮ ಮನೆಯಲ್ಲಿ ಕಸ ಗುಡಿಸುವ ಯಂತ್ರವೊಂದಿದೆ. ತಟ್ಟೆಯ ಹಾಗೆ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮನೆಯವರು ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಐದೂವರೆಗೆ ಸರಿಯಾಗಿ ತಾನೇ ಎದ್ದು, ಗೋಡೆಗೊಮ್ಮೆ ಕುರ್ಚಿಯ ಕಾಲಿಗೊಮ್ಮೆ ಡಿಕ್ಕಿ ಹೊಡೆಯುತ್ತ ಕೆಳಗಿನ ಮನೆಯನ್ನೆಲ್ಲ ಗುಡಿಸಿ, ಮತ್ತೆ ತನ್ನ ಮೂಲೆಗೆ ಹೋಗಿ ಕೂತುಕೊಳ್ಳುತ್ತದೆ. ಆ ಐದೂವರೆಯನ್ನು ಅದರ ತಲೆಯೊಳಗೆ ತುಂಬಿಸಿದವರು ಇವರೇ. ಅದನ್ನು ಬದಲಾಯಿಸುವುದು ಹೇಗೆಂದು ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ. ಹಾಗಾಗಿ ಇವರು ಹೋಗಿ ವರ್ಷ ಕಳೆದರೂ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ ಎಂಬ ಊರಿನ ಈ ಮನೆಯಲ್ಲಿ ದಿನಾ ಬೆಳಿಗ್ಗೆ ಇವರ ಮಾತೊಂದು ನಡೆಯುತ್ತಲೇ ಇದೆ.

ಗುಂಡಣ್ಣನ ಮೇಲೆ ನನಗೊಂದು ಸಿಟ್ಟಿದೆ. ಅದನ್ನು ಹೇಳಬೇಕಾದರೆ ಇಂಗ್ಲಿಷರ ಬಂಗಲೆಯೊಂದರ ದೆವ್ವದ ಕಥೆ ಹೇಳಬೇಕಾಗುತ್ತದೆ. ಎಲ್ಲಿಯ ಗುಂಡಣ್ಣ, ಎಲ್ಲಿಯ ದೆವ್ವ ಎನ್ನುತ್ತೀರಿ. ಸ್ವಲ್ಪ ತಾಳಿ. ನಾನು ಮಾತು ಶುರು ಮಾಡಿದರೆ ಊರೆಲ್ಲ ಸುತ್ತಿಯೇ ಮನೆಗೆ ಬರುವವಳು.

ನಮ್ಮ ಮನೆಯಿಂದ ನಲವತ್ತು ನಿಮಿಷ ಡ್ರೈವ್ ಮಾಡಿದರೆ ಗುಡ್ಡದ ಮೇಲೆ ಆಲ್ಡರ್‌ಕೋಟ್ ಎಂಬ ಮನೆ ಸಿಗುತ್ತದೆ. ಅದು ಹುಟ್ಟಿದ್ದು ನ್ಯೂಜೆರ್ಸಿಯಲ್ಲಲ್ಲ. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ, ನಾನೂರು ವರ್ಷಕ್ಕೂ ಹಿಂದೆ, ಜಮೀನ್ದಾರರೊಬ್ಬರು ಕಟ್ಟಿಸಿದ್ದು. ಆ ವಂಶ ಕ್ಷೀಣಿಸಿ, ಸೂರು ಸೋರಿ, ಬಾವಲಿಗಳು ಸಂಸಾರ ಹೂಡಿದ್ದ ಕಾಲಕ್ಕೆ ಅಮೆರಿಕದ ಸಾಬೂನು ಸಾಹುಕಾರನೊಬ್ಬ ಹೆಂಡತಿಯ ಜೊತೆ ಅಲ್ಲಿಗೆ ಪ್ರವಾಸ ಹೋದ. ಆಕೆ ಸೀರೆ ಅಂಗಡಿಯಲ್ಲಿ ಬೆರಳು ತೋರಿಸುವ ಹಾಗೆ ಈ ಮನೆಯತ್ತ ಬೆರಳು ತೋರಿಸಿದಳು. ಆತ ಕೊಂಡೇಬಿಟ್ಟ. ತೊಲೆ, ಬಾಗಿಲು, ಇಟ್ಟಿಗೆ ಎಲ್ಲವನ್ನೂ ಬಿಚ್ಚಿ, ಒಂದೊಂದಕ್ಕೂ ನಂಬರು ಬರೆದು, ಹುಲ್ಲಿನಲ್ಲಿ ಸುತ್ತಿ, ಹಡಗಿಗೆ ಹಾಕಿ ತಂದ. ಊಟದ ಹಜಾರದ ತೊಲೆಯ ಹಿಂದೆ ಇಣುಕಿದರೆ ಈಗಲೂ ನಂಬರು ಕಾಣುತ್ತದೆ. ಎಲ್ಲ ಜೋಡಿಸಿದ ಮೇಲೆ ಒಂದು ಕಿಟಕಿ ಮಾತ್ರ ಉಳಿದುಹೋಯಿತಂತೆ. ಅದು ಎಲ್ಲಿಯದು ಎಂದು ಯಾರಿಗೂ ಹೊಳೆಯದೆ ಇವತ್ತಿಗೂ ನೆಲಮಾಳಿಗೆಯಲ್ಲಿ ಒರಗಿ ನಿಂತಿದೆ.

ನಾನು ಈ ದೇಶಕ್ಕೆ ಬಂದದ್ದು ಎಚ್-ಫೋರ್ ವೀಸಾದ ಮೇಲೆ. ಗಂಡನ ನೆರಳಾಗಿ ಬಂದವರು ಆಗ ಸಂಬಳ ತೆಗೆದುಕೊಳ್ಳುವ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಇತಿಹಾಸ ಪಾಠ ಹೇಳಿದವಳು ಇಲ್ಲಿ ಬಂದು ಬೆಳಿಗ್ಗೆ ಹತ್ತಕ್ಕೆ ಪಾತ್ರೆ ತೊಳೆದು ಮುಗಿಸಿ, ಮುಂದೇನು ಎಂದು ಸಿಂಕಿನ ಮುಂದೆಯೇ ನಿಂತಿರುತ್ತಿದ್ದೆ. ಪುಕ್ಕಟೆ ಕೆಲಸಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆಲ್ಡರ್‌ಕೋಟ್‌ನಲ್ಲಿ ಬಂದವರಿಗೆ ಮನೆ ತೋರಿಸಿ ಕಥೆ ಹೇಳಲು ಸ್ವಯಂಸೇವಕರು ಬೇಕಾಗಿದ್ದಾರೆಂದು ಲೈಬ್ರರಿಯ ಬೋರ್ಡಿನಲ್ಲಿ ನೋಡಿ ಸೇರಿಕೊಂಡೆ. ಆಮೇಲೆ ಗ್ರೀನ್ ಕಾರ್ಡ್ ಬಂತು, ಮಗಳು ಅನು ಓದಿ ಜರ್ಸಿ ಸಿಟಿಯಲ್ಲಿ ಕೆಲಸಕ್ಕೆ ಸೇರಿದಳು, ನನ್ನ ಕೂದಲು ಬೆಳ್ಳಗಾಯಿತು. ಶನಿವಾರ ಮಾತ್ರ ಆಲ್ಡರ್‌ಕೋಟ್ ತಪ್ಪಲಿಲ್ಲ. ಮೈಸೂರಿನ ಹೆಂಗಸೊಬ್ಬಳು ನ್ಯೂಜೆರ್ಸಿಯಲ್ಲಿ ನಿಂತು ಅಮೆರಿಕದವರಿಗೆ ಇಂಗ್ಲೆಂಡಿನ ದೆವ್ವಗಳ ಪರಿಚಯ ಮಾಡಿಕೊಡುವುದು ನನಗೂ ತಮಾಷೆಯಾಗಿಯೇ ಕಾಣುತ್ತಿತ್ತು.

ಆ ಮನೆಯ ಮುಖ್ಯ ದೆವ್ವ ಸರ್ ಹ್ಯೂ. ಊರಿಗೆ ಮರಳುವಾಗ ಹೊಳೆ ದಾಟುತ್ತ ಕೊಚ್ಚಿಹೋದ ಯಜಮಾನ. ಸುದ್ದಿ ಹೊತ್ತವನು ಕುದುರೆ ಏರಿ ಬರುವ ಮೊದಲೇ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವಂತೆ. ಒಂದೊಂದಾಗಿ ಮೇಲೇರಿ, ಹೆಂಡತಿಯ ಕೋಣೆಯ ಬಾಗಿಲ ಮುಂದೆ ನಿಂತುಬಿಟ್ಟವಂತೆ. ಆಕೆ ಬಾಗಿಲು ತೆಗೆದು, ನೆಲ ನೋಡಿ, ಯಾರೂ ಹೇಳದೆಯೇ ಬಳೆ ಬಿಚ್ಚಿಟ್ಟಳಂತೆ. ಬಳೆಯ ಮಾತು ನಾನು ಸೇರಿಸಿದ್ದು. ಸ್ವಯಂಸೇವಕರ ಮುಖ್ಯಸ್ಥೆ ಬಾರ್ಬರಾ ಅದನ್ನು ಕೇಳಿಯೂ ಕೇಳದವಳ ಹಾಗೆ ಇದ್ದಳು.

ಹೊಳೆ ಇಂಗ್ಲೆಂಡಿನಲ್ಲೇ ಉಳಿದ ಮೇಲೆ ಸರ್ ಹ್ಯೂ ಇಲ್ಲಿಗೆ ಬಂದದ್ದು ಹೇಗೆ ಎಂದು ಪ್ರತಿ ಗುಂಪಿನಲ್ಲೂ ಒಬ್ಬರು ಕೇಳುತ್ತಿದ್ದರು. "ನನ್ನ ಹಾಗೇ, ಡಿಪೆಂಡೆಂಟ್ ವೀಸಾದ ಮೇಲೆ" ಎಂದರೆ ನಗುತ್ತಿದ್ದರು. ಅವರು ಇನ್ನಷ್ಟು ಹೇಳಿ ಎಂದರೆ ನಮ್ಮ ಕಡೆಯ ದೆವ್ವವನ್ನೂ ಹೇಳುತ್ತಿದ್ದೆ. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯಲ್ಲಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಅಮ್ಮನ ದನಿಯಲ್ಲೇ ಕರೆಯುತ್ತದೆ ಎಂದು ಗುಲ್ಲೆದ್ದಿತ್ತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ವಾಪಸ್ಸು ಹೋಗುತ್ತದಂತೆ. ಅಕ್ಕನೂ ನಾನೂ ಸೀಮೆಸುಣ್ಣ ಹಿಡಿದು ಮುಂಬಾಗಿಲು, ಹಿತ್ತಿಲ ಬಾಗಿಲು, ಕೊನೆಗೆ ಬಚ್ಚಲ ಬಾಗಿಲಿಗೂ ಬರೆದಿದ್ದೆವು. ನಮ್ಮೂರಿನ ದೆವ್ವಕ್ಕೆ ಓದು ಬರಹ ಬರುತ್ತಿತ್ತಲ್ಲ ಎಂದು ಆಲ್ಡರ್‌ಕೋಟ್‌ನ ಅಜ್ಜಿಯರು ಮೆಚ್ಚಿಕೊಳ್ಳುತ್ತಿದ್ದರು.

ನಮ್ಮನೆಯವರು ಔಷಧ ಕಂಪನಿಯಲ್ಲಿ ರಸಾಯನ ವಿಜ್ಞಾನಿ. ದೆವ್ವ, ದೇವರು ಎರಡಕ್ಕೂ ಒಂದೇ ನಗು. "ವಸೂ, ನಿನ್ನ ಹ್ಯೂ ಸಾಹೇಬ್ರಿಗೆ ಒಂದು ಟವೆಲ್ ಆದ್ರೂ ಕೊಡೇ, ಪಾಪ, ನೆಗಡಿ ಆಗುತ್ತೆ" ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಇವರಿಗೆ ಅಡುಗೆಯ ಹುಚ್ಚು ಹಿಡಿಯಿತು. ಒಂದು ಶನಿವಾರ ನಾನು ಮೆಟ್ಟಿಲ ಮೇಲೆ ನಿಂತು, ದನಿ ತಗ್ಗಿಸಿ, ಒದ್ದೆ ಹೆಜ್ಜೆ ಇನ್ನೇನು ಬಾಗಿಲ ಹತ್ತಿರ ಬಂತು ಎನ್ನುವಾಗ ನನ್ನ ಏಪ್ರನ್ನಿನ ಜೇಬಿನಿಂದ ನಾದಸ್ವರ ಮೊಳಗಿತು. ಎತ್ತಿದರೆ ಇವರು. "ಇಂಗು ಎಲ್ಲಿಟ್ಟಿದೀಯೇ?"

ಮೂವತ್ತು ಜನ ಘೊಳ್ಳೆಂದು ನಕ್ಕರು. ಅಂದಿನಿಂದ ಫೋನನ್ನು ಲಾಕರಿನಲ್ಲಿಡಬೇಕೆಂದು ಬಾರ್ಬರಾ ನಿಯಮ ಮಾಡಿದಳು. ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ಮನೆಗೆ ಬಂದವಳೇ ಹಾರಾಡಿದೆ. "ಒಂದು ದಿನ, ವಾರಕ್ಕೆ ಒಂದೇ ದಿನ ನನಗೆ ಅಂತ ಇದೆ. ಅಲ್ಲೂ ಇಂಗು, ಸಾಸಿವೆ! ಪ್ರಾಣ ಹೋಗೋ ಹಾಗಿದ್ರೆ ಮಾತ್ರ ಫೋನ್ ಮಾಡಿ" ಎಂದೆ. "ಆಯ್ತು ಮಾರಾಯ್ತಿ" ಎಂದು ಕಿವಿ ಹಿಡಿದುಕೊಂಡರು.

ಇನ್ನು ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ. ಬರೆಯುತ್ತೇನೆ.

ಹೋದ ವರ್ಷದ ಅಕ್ಟೋಬರ್. ಹ್ಯಾಲೊವೀನ್ ತಿಂಗಳಲ್ಲಿ ಆಲ್ಡರ್‌ಕೋಟ್‌ಗೆ ಜಾತ್ರೆಯಷ್ಟು ಜನ. ನಾವೆಲ್ಲ ಹಳೆಯ ಕಾಲದ ದಾಸಿಯರ ವೇಷ ಹಾಕಬೇಕು. ಶನಿವಾರ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಬಿಳಿ ಲೇಸಿನ ಟೋಪಿ ಸಿಕ್ಕಿಸಿಕೊಳ್ಳುತ್ತಿದ್ದೆ. ಹಿಂದಿನಿಂದ ಇವರು, "ವಸೂ, ಯಾಕೋ ಎದೆ ಉರೀತಾ ಇದೆ" ಎಂದರು. ನಾನು ತಿರುಗಿ ನೋಡಲಿಲ್ಲ. "ನಿನ್ನೆ ಅಷ್ಟೊಂದು ಬಜ್ಜಿ ತಿಂದ್ರಲ್ಲ, ಮತ್ತೇನಾಗುತ್ತೆ. ಮಜ್ಜಿಗೆ ಕುಡಿದು ಮಲಕ್ಕೊಳ್ಳಿ" ಎಂದೆ. "ಸರಿ" ಎಂದರು. ಕನ್ನಡಿಯಲ್ಲಿ ಇವರ ಮುಖ ಕಂಡಿರಲೇಬೇಕು. ಎಷ್ಟು ನೆನಪು ಮಾಡಿಕೊಂಡರೂ ಟೋಪಿ ಮಾತ್ರ ಕಾಣುತ್ತದೆ.

ನಾಲ್ಕು ಗಂಟೆಗೆ ಬಂದೆ. ಫ್ಯಾಮಿಲಿ ರೂಮಿನ ಒರಗುಕುರ್ಚಿಯಲ್ಲಿ ಇದ್ದರು. ಮಜ್ಜಿಗೆಯ ಲೋಟ ಖಾಲಿಯಾಗಿತ್ತು. ಹೇಳಿದ್ದನ್ನು ಮಾಡಿದ್ದರು.

ಹನ್ನೊಂದು ಹನ್ನೆರಡರ ನಡುವೆ ಪ್ರಾಣ ಹೋಗಿರಬೇಕು ಎಂದರು ಆಂಬುಲೆನ್ಸಿನಲ್ಲಿ ಬಂದವರು. ಆ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ಸರ್ ಹ್ಯೂನ ಹೆಜ್ಜೆ ಎಣಿಸುತ್ತಿದ್ದೆ. ನನ್ನ ಫೋನಿನಲ್ಲಿ ಒಂದು ಮಿಸ್ಡ್ ಕಾಲ್ ಕೂಡ ಇರಲಿಲ್ಲ. ಪೊಲೀಸಿನವನು ನನ್ನ ತಲೆಯ ಮೇಲಿನ ಲೇಸಿನ ಟೋಪಿಯನ್ನೇ ನೋಡುತ್ತ, ಬೆಳಿಗ್ಗೆ ಅವರು ಏನಾದರೂ ತೊಂದರೆ ಹೇಳಿದ್ದರೇ ಎಂದು ಮೆತ್ತಗೆ ಕೇಳಿದ. ನಾನು "ನೋ" ಎಂದೆ. ಅನು ಓಡಿ ಬಂದು ಕೇಳಿದಳು. ಅವಳಿಗೂ "ಏನೂ ಹೇಳಲಿಲ್ಲ ಕಣೆ, ಚೆನ್ನಾಗೇ ಇದ್ರು" ಎಂದೆ. ಒಮ್ಮೆ ಬಾಯಿಂದ ಬಿದ್ದ ಸುಳ್ಳು ಅಕ್ಕನಿಗೆ, ಪುರೋಹಿತರಿಗೆ, ಈಸ್ಟ್ ಬ್ರನ್ಸ್‌ವಿಕ್‌ನಿಂದ ಅನ್ನ ಸಾರು ತಂದ ಗೆಳತಿಯರಿಗೆ, ಎಲ್ಲರಿಗೂ ತಾನಾಗಿಯೇ ಹೇಳಿಸಿಕೊಂಡು ಹೋಯಿತು.

ಅಕ್ಕ ಮೈಸೂರಿನಿಂದ ವಿಡಿಯೊ ಕಾಲ್ ಮಾಡಿ ಹೇಳಿದಳು. "ಪ್ರಾಣ ಹೋದ ಜಾಗದಲ್ಲಿ ಹತ್ತು ದಿನ ದೀಪ ಇಡು. ಹತ್ತನೇ ದಿನ ದೀಪದ ಸುತ್ತ ಅಕ್ಕಿಹಿಟ್ಟು ತೆಳ್ಳಗೆ ಹರಡಿ, ಬಾಗಿಲು ಹಾಕ್ಕೊಂಡು ಬಂದ್ಬಿಡು. ಬೆಳಿಗ್ಗೆ ಹೆಜ್ಜೆ ಗುರುತು ಇರುತ್ತೆ. ಅಪ್ಪಂದು ನೋಡಿರ್ಲಿಲ್ವಾ ನಾವು?" ಅಪ್ಪನದು ನೋಡಿದ್ದೆ. ಅದು ಇಲಿಯ ಹೆಜ್ಜೆ ಎಂದು ಆಗ ನಕ್ಕವಳೂ ನಾನೇ. ಈಗ ನಗು ಬರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಇವರು ನನ್ನ ಮೇಲೆ ಸಿಟ್ಟಾಗಿ ಹೋದರೋ, ನನ್ನನ್ನು ಕರೆಯಬೇಕು ಅಂದುಕೊಂಡಿದ್ದರೋ ಇಲ್ಲವೋ ತಿಳಿಯಬೇಕು. ಹೆಜ್ಜೆ ಮಹಡಿಯ ಮೆಟ್ಟಿಲ ಕಡೆಗೆ, ನನ್ನ ಕೋಣೆಯ ಕಡೆಗೆ ತಿರುಗಿದ್ದರೆ ಸಾಕು ಅನ್ನಿಸಿತ್ತು.

ದೀಪ ಇಟ್ಟರೆ ಸ್ಮೋಕ್ ಅಲಾರ್ಮ್ ಕೂಗುತ್ತದೆಂದು ಅನು ಅದನ್ನು ಒಮ್ಮೆಯೂ ಬೆಂಕಿ ಕಾಣದ ಫೈರ್‌ಪ್ಲೇಸಿನೊಳಗೆ ಇಟ್ಟುಕೊಟ್ಟಿದ್ದಳು. ಹತ್ತನೆಯ ದಿನ ಸಂಜೆ ಅವಳು ಮೇಲೆ ಹೋದ ಮೇಲೆ ನಾನು ಕದ್ದು ಹಿಟ್ಟು ಜರಡಿ ಹಿಡಿದು ನೆಲದ ತುಂಬ ಹರಡಿದೆ. ಬಾಗಿಲು ಹಾಕಲು ಹೋದರೆ ಈ ದೇಶದ ಫ್ಯಾಮಿಲಿ ರೂಮಿಗೆ ಬಾಗಿಲೇ ಇಲ್ಲ. ಇರಲಿ ಎಂದುಕೊಂಡು ಮಲಗಿದೆ.

ಆರು ಗಂಟೆಗೆ ಇಳಿದು ಬಂದೆ. ನೆಲ ಥಳಥಳ ಹೊಳೆಯುತ್ತಿತ್ತು. ಹಿಟ್ಟಿನ ಒಂದು ಕಣವಿಲ್ಲ. ಗುಂಡಣ್ಣ ತನ್ನ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುತ್ತ ಕೂತಿದ್ದ. ಟೇಬಲ್ಲಿನ ಮೇಲಿದ್ದ ಇವರ ಫೋನಿಗೆ 'ಕ್ಲೀನಿಂಗ್ ಕಂಪ್ಲೀಟ್' ಎಂಬ ಸಂದೇಶ ಬಂದಿತ್ತು. ಆ ಫೋನಿನ ಪಾಸ್‌ಕೋಡ್ ನನಗೆ ಗೊತ್ತಿಲ್ಲ, ಪರದೆಯ ಮೇಲೆ ಬಂದದ್ದನ್ನಷ್ಟೇ ಓದಬಲ್ಲೆ. ತೆಗೆಸಿಕೊಡೇ ಎಂದು ಅನುವನ್ನು ಎರಡು ಸಲ ಕೇಳಿದ್ದೆ. "ಲೀವ್ ಇಟ್, ಅಮ್ಮ" ಎಂದಿದ್ದಳು. ನಾನು ಗುಂಡಣ್ಣನನ್ನು ತಲೆಕೆಳಗು ಮಾಡಿ, ಕಸದ ಡಬ್ಬಿ ಬಿಚ್ಚಿ, ನೆಲದ ಮೇಲೆ ಸುರಿದುಕೊಂಡು ಕೂತೆ. ಹಿಟ್ಟು, ಕೂದಲು, ಒಂದು ಕಡಲೆಬೇಳೆ. ಅದರೊಳಗೆ ಹೆಜ್ಜೆ ಹುಡುಕುವುದು ಹೇಗೆ? ಮನೆಯ ಯಂತ್ರದ ಟೈಮು ನೆನಪಿಟ್ಟುಕೊಳ್ಳಲಾರದ ನಾನು ಕಾಲೇಜಿನ ಹುಡುಗರಿಗೆ ರಾಜರ ಇಸವಿ ಬಾಯಿಪಾಠ ಮಾಡಿಸಿದವಳು! ಅಂದು ಅತ್ತಷ್ಟು ನಾನು ಇವರು ಹೋದ ದಿನವೂ ಅತ್ತಿರಲಿಲ್ಲ.

ಆಮೇಲೆ ನನಗೆ ಉಳಿದದ್ದು ಸರ್ ಹ್ಯೂ ಒಬ್ಬನೇ. ಸತ್ತ ಗಂಡಂದಿರು ಹೆಂಡತಿಯ ಬಾಗಿಲಿಗೆ ಬಂದು ಹೇಳಿ ಹೋಗುವುದುಂಟು ಎಂಬುದಕ್ಕೆ ಅವನೊಬ್ಬ ಸಾಕ್ಷಿ. ಹುಚ್ಚು ಅನ್ನುತ್ತೀರಿ, ಅನ್ನಿ. ಇಪ್ಪತ್ತು ವರ್ಷ ಆ ಕಥೆ ಹೇಳಿದ್ದೆ, ಈಗ ಮೊದಲ ಸಲ ಅದು ನಿಜವೇ ಎಂದು ತಿಳಿಯಬೇಕೆನ್ನಿಸಿತು. ಈ ಬೇಸಿಗೆಯಲ್ಲಿ ಒಂದು ದಿನ ಬಾರ್ಬರಾಳನ್ನೇ ಕೇಳಿದೆ. ಅವಳು ಕನ್ನಡಕ ತೆಗೆದು ನನ್ನನ್ನು ನೋಡಿ, "ಅಯ್ಯೋ, ನಿನಗೆ ಗೊತ್ತಿದೆ ಅಂದುಕೊಂಡಿದ್ದೆ" ಎಂದಳು. ಆಫೀಸಿನ ಬೀರು ತೆಗೆದು ಒಂದು ನೋಟ್‌ಬುಕ್ ಕೊಟ್ಟಳು. ಸಾಬೂನು ಸಾಹುಕಾರನ ಹೆಂಡತಿಯ ಕೈಬರಹ. ಔತಣಕ್ಕೆ ಬರುವ ಅತಿಥಿಗಳಿಗಾಗಿ ಆಕೆ ಕೂತು ಕಟ್ಟಿದ ಕಥೆ. 'ರಕ್ತದ ಹೆಜ್ಜೆಗಳು' ಎಂದು ಬರೆದು ಹೊಡೆದುಹಾಕಿದ್ದಳು. ಪಕ್ಕದಲ್ಲಿ, ಊಟದ ಹೊತ್ತಿಗೆ ಬೇಡ ಎಂದು ಟಿಪ್ಪಣಿ. 'ಬೂದಿಯ ಹೆಜ್ಜೆಗಳು', ಅದನ್ನೂ ಹೊಡೆದಿದ್ದಳು. ಕೊನೆಗೆ 'ಒದ್ದೆ ಹೆಜ್ಜೆಗಳು', ಅದರ ಮುಂದೊಂದು ಟಿಕ್.

ಹ್ಯೂ ಎಂಬ ಯಜಮಾನ ಆ ಮನೆಯಲ್ಲಿ ಇರಲೇ ಇಲ್ಲವಂತೆ. ಆ ಹಳ್ಳಿಯಲ್ಲಿ ಹೊಳೆಯೂ ಇಲ್ಲವಂತೆ.

ನೋಟ್‌ಬುಕ್ ಮುಚ್ಚಿ ಬಾರ್ಬರಾಳ ಮೇಜಿನ ಮೇಲಿಟ್ಟೆ. ಯಾರೂ ಎಲ್ಲಿಗೂ ಬರುವುದಿಲ್ಲ, ಸತ್ತವರು ಸತ್ತೇ ಹೋಗುತ್ತಾರೆ, ಕೇಳಬೇಕಾದದ್ದು ಕೇಳದೆಯೇ ಉಳಿಯುತ್ತದೆ. ಇದನ್ನು ನಮ್ಮನೆಯವರು ಮೂವತ್ತೈದು ವರ್ಷ ಕಾಫಿ ಕುಡಿಯುತ್ತ ಹೇಳಿದ್ದರು. ಆಗ ಅದು ಬರೀ ವಾದವಾಗಿತ್ತು. ನಾನಿನ್ನು ಬರುವುದಿಲ್ಲ ಎಂದು ಬಾರ್ಬರಾಗೆ ಹೇಳಿದೆ. ಅಕ್ಟೋಬರಿನ ಟಿಕೆಟ್ಟೆಲ್ಲ ಹೋಗಿವೆ, ಒಂದೇ ಒಂದು ಶನಿವಾರ ಮಾಡಿಕೊಡು ಎಂದು ಕೈ ಹಿಡಿದಳು. ಒಪ್ಪಿದೆ.

ಅನುವಿಗೆ ಹೇಳಿದಾಗ, "ಐ ವಾಂಟ್ ಟು ಕಮ್" ಎಂದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಟೂರ್ ನೋಡದವಳು. ಅವಳೇ ಡ್ರೈವ್ ಮಾಡಿಕೊಂಡು ಬಂದಳು. ಗುಂಪಿನ ಹಿಂದೆ ಕೈಕಟ್ಟಿ ನಿಂತು ಎಲ್ಲ ಕೇಳಿದಳು. ನಾನು ಮೆಟ್ಟಿಲ ಹತ್ತಿರ ಬಂದು, ಇಲ್ಲದ ಹೊಳೆಯನ್ನು ಹರಿಸಿ, ಇಲ್ಲದ ಯಜಮಾನನನ್ನು ಮುಳುಗಿಸಿ, "ಆಕೆಗೆ ಯಾರೂ ಹೇಳಬೇಕಾಗಲಿಲ್ಲ, ಅವನೇ ಬಂದು ಹೇಳಿದ" ಎನ್ನುವಾಗ ತಲೆ ಎತ್ತಿದರೆ ಅನು ಅಲ್ಲಿರಲಿಲ್ಲ.

ಎಲ್ಲ ಮುಗಿಸಿ ಬಂದಾಗ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಸ್ಟೀರಿಂಗ್ ಹಿಡಿದು ಕೂತಿದ್ದಳು. ಮುಖವೆಲ್ಲ ಕೆಂಪಾಗಿತ್ತು. ನಾನು ಬಾಗಿಲು ಹಾಕಿಕೊಳ್ಳುವುದನ್ನೇ ಕಾದಿದ್ದವಳ ಹಾಗೆ, "ಅಮ್ಮ, ಅಪ್ಪ ಕಾಲ್ಡ್ ಮಿ" ಎಂದಳು.

"ಯಾವಾಗ?"

"ದಟ್ ಡೇ. ಟೆನ್ ಫಾರ್ಟಿ." ಅವತ್ತು ಅವಳ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಿಡುಗಡೆ ಮಾಡುವ ಗಡಿಬಿಡಿಯಂತೆ, ಶನಿವಾರವೂ ಕೆಲಸ. "ಹಿ ಸೆಡ್ ಎದೆ ಉರಿ. ನಾನು ಆಂಟಾಸಿಡ್ ತಗೋ ಅಂದೆ. ಅಮ್ಮಂಗೆ ಕಾಲ್ ಮಾಡ್ಲಾ ಅಂದೆ. 'ಬೇಡ ಪುಟ್ಟ, ಅಮ್ಮಂದು ಟೂರ್ ಇದೆ, ಮಧ್ಯದಲ್ಲಿ ಡಿಸ್ಟರ್ಬ್ ಮಾಡ್ಬೇಡ' ಅಂದ್ರು." ನನ್ನ ಕಡೆ ತಿರುಗಿದಳು. "ಐ ಸೆಡ್ ಓಕೆ, ಅಮ್ಮ. ನಾನು ಓಕೆ ಅಂದ್ಬಿಟ್ಟೆ."

ನಿಜ ಹೇಳಲೇ? ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನಗೆ ಮಾಡದ ಫೋನು ಇವಳಿಗೆ ಮಾಡಿದರಲ್ಲ ಎಂದು. ಮರುಕ್ಷಣ ಇವರ 'ಮಧ್ಯದಲ್ಲಿ ಡಿಸ್ಟರ್ಬ್ ಮಾಡ್ಬೇಡ' ಎನ್ನುವ ಮಾತು ಎದೆಗೆ ನಾಟಿತು. ನಾನು ಹೇಳಿಕೊಟ್ಟ ಪಾಠವನ್ನು ಒಪ್ಪಿಸಿ ಹೋಗಿದ್ದರು. ಅನು ಹಣೆಯನ್ನು ಸ್ಟೀರಿಂಗಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಈ ಭಾರ ಅವಳೊಬ್ಬಳದಲ್ಲ ಎಂದು ಗೊತ್ತಾದರೆ ಅವಳಿಗೆ ಹಗುರಾದೀತು ಅನ್ನಿಸಿತು. ಅವಳ ಕೈಮೇಲೆ ಕೈಯಿಟ್ಟೆ.

"ನಂಗೂ ಹೇಳಿದ್ರು ಕಣೆ. ನಿಂಗಿಂತ ಮುಂಚೆ. ನಾನು ಹೊರಡೋವಾಗ ಎದೆ ಉರೀತಿದೆ ಅಂದ್ರು. ಮಜ್ಜಿಗೆ ಕುಡೀರಿ ಅಂದು ಬಂದ್ಬಿಟ್ಟೆ. ತಿರುಗಿ ಕೂಡ ನೋಡ್ಲಿಲ್ಲ."

ಅನು ಮುಖ ಎತ್ತಿದಳು. "ಚೆನ್ನಾಗೇ ಇದ್ರು ಅಂದೆ ನೀನು."

"ಹೌದು."

"ಪೊಲೀಸ್‌ಗೂ ಹಾಗೇ ಹೇಳ್ದೆ."

"ಹೌದು ಪುಟ್ಟ."

ಮಾತೆತ್ತಿದರೆ ಇಂಗ್ಲಿಷಿಗೆ ಜಾರುವ ನನ್ನ ಮಗಳು ಒಂದೊಂದೇ ಪದ ಹುಡುಕಿಕೊಂಡು ಕನ್ನಡದಲ್ಲೇ ಹೇಳಿದಳು. "ಒಂದು ವರ್ಷ ಅಮ್ಮ. ಒಂದು ವರ್ಷ, ಗೊತ್ತಿದ್ದೋಳು ನಾನೊಬ್ಳೇ ಅಂದ್ಕೊಂಡಿದ್ದೆ. ನಾನೊಬ್ಳೇ ಅಪ್ಪನ್ನ ಸಾಯಕ್ಕೆ ಬಿಟ್ಟೆ ಅಂದ್ಕೊಂಡಿದ್ದೆ. ನೀನು ಪಕ್ಕದಲ್ಲೇ ಕೂತಿದ್ದೆ."

ನನ್ನ ಕೈಯ ಕೆಳಗಿನಿಂದ ತನ್ನ ಕೈ ಎಳೆದುಕೊಂಡಳು. ಕಾರು ಸ್ಟಾರ್ಟ್ ಮಾಡಿದಳು. ಮನೆಯ ಮುಂದೆ ನನ್ನನ್ನು ಇಳಿಸಿ, ನಾನು ಒಳಗೆ ಹೋಗುವ ತನಕ ಕಾದು, ಹೋದಳು.

ವರ್ಷದ ಕಾರ್ಯಕ್ಕೆ ಬಂದಿದ್ದಳು. ಎಲ್ಲರಿಗೂ ಬಡಿಸಿದಳು, ನನ್ನ ಎಲೆಗೂ ಪಾಯಸ ಹಾಕಿದಳು, ಹೊರಟಳು. ಅದಾಗಿ ಮೂರು ವಾರ. ಅವಳು ಫೋನ್ ಮಾಡಿಲ್ಲ. ನಾನು ದಿನಾ ತಿಂಡಿ ಮುಗಿಸಿ ಫೋನ್ ಕೈಗೆ ತೆಗೆದುಕೊಳ್ಳುತ್ತೇನೆ. ತಪ್ಪಾಯಿತು ಎನ್ನಬೇಕು, ನಿನ್ನನ್ನು ಒಬ್ಬಳನ್ನೇ ಬಿಟ್ಟೆ ಎನ್ನಬೇಕು. ಅವಳ ಹೆಸರಿನ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತೇನೆ. ಹತ್ತೂ ಮುಕ್ಕಾಲು, ಹನ್ನೊಂದು. ಈಗ ಅವಳಿಗೆ ಮೀಟಿಂಗ್ ಇರುತ್ತದೆ, ಮಧ್ಯದಲ್ಲಿ ಯಾಕೆ ತೊಂದರೆ ಎಂದುಕೊಂಡು ಕೆಳಗಿಡುತ್ತೇನೆ.